ಮೇಲಕ್ಕೆ ಹೋದ ಕಾಗದ ಏನಾಯ್ತು ಸ್ವಾಮಿ?

ಕರ್ನಾಟಕದ ಮುಖ್ಯಮಂತ್ರಿಗಳಿಗೆ, ಅಂದರೆ ಈಗ ಆ ಕುರ್ಚಿಯಲ್ಲಿ ಇರುವವರಿಗೆ, ಹಿಂದೆ ಕೂತು ಎದ್ದವರಿಗೆ, ಮುಂದೆ ಕೂರಬೇಕು ಅಂತ ಕಾಯುತ್ತಿರುವವರಿಗೆ,

ನಮಸ್ಕಾರಗಳು.

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವನು. ಮೂವತ್ತೆರಡು ವರ್ಷ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದೆ. ಬ್ರಾಂಚ್ ಆಫೀಸ್ ಅಂದರೆ ದೊಡ್ಡದೇನಲ್ಲ. ನಮ್ಮನೆ ಜಗಲಿಯ ಮೂಲೆ, ಒಂದು ಮೇಜು, ಒಂದು ತಕ್ಕಡಿ, ಒಂದು ಠಸ್ಸೆ. ಕಾಗದ ಹಂಚಿದ್ದಕ್ಕೆ ಸರ್ಕಾರ ಸಂಬಳ ಕೊಡುತ್ತಿತ್ತು. ಊರವರಿಗೆ ಅರ್ಜಿ ಬರೆದುಕೊಟ್ಟಿದ್ದಕ್ಕೆ ಎರಡು ತೆಂಗಿನಕಾಯಿಯೋ, ಒಂದು ಬಾಳೆಗೊನೆಯೋ ಸಿಗುತ್ತಿತ್ತು. ವಿಧವಾ ವೇತನ, ಪಹಣಿ ತಿದ್ದುಪಡಿ, ಕರೆಂಟ್ ಕಂಬ, ಹಕ್ಕುಪತ್ರ, ಎಷ್ಟು ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ಕಾಗದ ಮೇಲಕ್ಕೆ ಹೋಗುವುದು ಹೇಗೆ, ಉತ್ತರ ಬರುವುದು ಹೇಗೆ, ಬಾರದೆ ಇರುವುದು ಹೇಗೆ, ಇದು ನನಗೆ ಸ್ವಲ್ಪ ಗೊತ್ತಿರುವ ವಿಷಯ. ಇವತ್ತು ನನ್ನದೇ ಒಂದು ಕಾಗದ.

ನನ್ನ ತಂಗಿಯ ಮಗ ಬೆಂಗಳೂರಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿದ್ದಾನೆ. ಕೆಲಸದ ಮೇಲೆ ಚೀನಾದ ಶೆನ್‌ಜೆನ್‌ಗೆ ಹೋಗಿ ಮೂರು ವಾರ ಇದ್ದು ಬಂದ. ಹಬ್ಬಕ್ಕೆ ಊರಿಗೆ ಬಂದವನು ಮಾತಾಡಿದ್ದೆಲ್ಲ ಅದೇ. ಗಂಟೆಗೆ 300 ಕಿಲೋಮೀಟರ್ ಓಡುವ ರೈಲು, ಗುಂಡಿ ಇಲ್ಲದ ರಸ್ತೆ, ರಾತ್ರೋರಾತ್ರಿ ಏಳುವ ಕಟ್ಟಡ. ಕೊನೆಗೆ ಹೇಳಿಬಿಟ್ಟ: "ಮಾವ, ನೂರಾ ನಲವತ್ತು ಕೋಟಿ ಜನ ಇರೋ ದೇಶಕ್ಕೆ ಡೆಮಾಕ್ರಸಿ ಆಗಿ ಬರಲ್ಲ. ಒಬ್ಬ ಹೇಳಬೇಕು, ಉಳಿದೋರು ಮಾಡಬೇಕು. ಚೀನಾ ನೋಡು, ಕಮ್ಯುನಿಸ್ಟ್ ಆಗಿದ್ದಕ್ಕೆ ಮುಂದೆ ಹೋಯ್ತು. ನಿನ್ನ ಕಾಲುಸಂಕದ ಅರ್ಜಿ ಅಲ್ಲಿ ಕೊಟ್ಟಿದ್ರೆ ಹನ್ನೊಂದು ದಿನಕ್ಕೆ ಸೇತುವೆ ಆಗ್ತಿತ್ತು. ಇಲ್ಲಿ ಹನ್ನೊಂದು ವರ್ಷ ಆಯ್ತು."

ಕಾಲುಸಂಕ ಅಂದರೆ ಹಳ್ಳ ದಾಟಲು ಅಡ್ಡ ಹಾಕುವ ಸಣ್ಣ ಕಾಲುಸೇತುವೆ, ಅದರ ವಿಷಯ ಆಮೇಲೆ ಹೇಳುತ್ತೇನೆ. ಅವನ ಮಾತು ಕೇಳಿ ನನಗೆ ಸಿಟ್ಟು ಬರಲಿಲ್ಲ. ಪೇಟೆಯ ಚಹಾದಂಗಡಿಯಲ್ಲಿ ಇದೇ ಮಾತು ದಿನಾ ಕೇಳುತ್ತೇನೆ. ಹೇಳುವವರಲ್ಲಿ ಮಾವೋ ಯಾರು ಅಂತ ಗೊತ್ತಿಲ್ಲದವರೇ ಜಾಸ್ತಿ. ಅವರಿಗೆ ಕಮ್ಯುನಿಸಂ ಬೇಕಾಗಿಲ್ಲ. ಆಫೀಸಿಗೆ ಅಲೆದು ಅಲೆದು ಸಾಕಾಗಿದೆ, ಅಷ್ಟೇ. ಅವನಿಗೆ ಅವತ್ತು ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ರಾತ್ರಿ ಮಲಗಿ ಯೋಚನೆ ಮಾಡಿದಾಗ, ಉತ್ತರ ಕೊಡಬೇಕಾದವನು ನಾನಲ್ಲ, ನೀವು ಅನ್ನಿಸಿತು. ಅದಕ್ಕೇ ಈ ಕಾಗದ ನಿಮಗೆ.

ಮೊದಲು ಅವನು ಹೇಳಿದ್ದರಲ್ಲಿ ನಿಜ ಇರುವುದನ್ನು ಒಪ್ಪಿಬಿಡುತ್ತೇನೆ. ಸುಮ್ನೆ ದೇಶಭಕ್ತಿಯ ಭಾಷಣ ಮಾಡಿ ಪ್ರಯೋಜನ ಇಲ್ಲ. ನಾವು ಸ್ವತಂತ್ರ ಆಗಿದ್ದು 1947ರಲ್ಲಿ, ಚೀನಾದ ಕಮ್ಯುನಿಸ್ಟ್ ನಾಯಕ ಮಾವೋ ಬೀಜಿಂಗಿನಲ್ಲಿ ಹೊಸ ಸರ್ಕಾರ ಘೋಷಿಸಿದ್ದು 1949ರಲ್ಲಿ. ಎರಡೂ ಕಡೆ ಬಡತನ, ರೋಗ, ಅನಕ್ಷರತೆ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಚೀನಾದವನು ಸರಾಸರಿ ನಮ್ಮವನಿಗಿಂತ ಹತ್ತು ವರ್ಷಕ್ಕೂ ಜಾಸ್ತಿ ಬದುಕುತ್ತಿದ್ದ. ಆಗಿನ್ನೂ ಅವರಲ್ಲಿ ಬುಲೆಟ್ ರೈಲು ಇರಲಿಲ್ಲ, ಶೆನ್‌ಜೆನ್ ಈಗಿನ ಶೆನ್‌ಜೆನ್ ಆಗಿರಲಿಲ್ಲ. ಹಳ್ಳಿಯವರಿಗೇ ಒಂದಷ್ಟು ತರಬೇತಿ ಕೊಟ್ಟು, ಚೀಲದಲ್ಲಿ ಔಷಧಿ ಹಾಕಿ, ಊರೂರಿಗೆ ವೈದ್ಯರನ್ನಾಗಿ ಕಳಿಸಿದ್ದರು. ಬರಿಗಾಲ ಡಾಕ್ಟರು ಅಂತ ಅವರನ್ನು ಕರೆಯುತ್ತಿದ್ದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದ್ದರು. ನಾವು ಅದನ್ನು ಮಾಡಲಿಲ್ಲ. ಮಾಡಬೇಡಿ ಅಂತ ಸಂವಿಧಾನವೇನೂ ಹೇಳಿರಲಿಲ್ಲ.

ಈಗಲೂ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ಕರ್ನಾಟಕದಲ್ಲೇ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ನಮ್ಮ ಐಟಿ ರಾಜ್ಯದ ಮಾತು ಇದು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು ಬಹಳ ಹಿಂದೆಯೇ ಎರಡು ಮಾತು ಹೇಳಿದ್ದರು. ಚುನಾವಣೆ, ಪತ್ರಿಕೆ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಆಗಲ್ಲ ಅನ್ನುವುದು ಒಂದು. ಅದನ್ನು ನಮ್ಮ ಎಲ್ಲ ಪಕ್ಷದವರೂ ವೇದಿಕೆಯಲ್ಲಿ ಹೇಳುತ್ತಾರೆ. ದಿನಾ ಸ್ವಲ್ಪ ಸ್ವಲ್ಪ ಹಸಿದು, ಸಣ್ಣ ಪುಟ್ಟ ಕಾಯಿಲೆಗೆ ಸಾಯುವವರನ್ನು ಉಳಿಸುವುದರಲ್ಲಿ ಭಾರತ ಚೀನಾಕ್ಕಿಂತ ಹಿಂದೆ ಬಿತ್ತು ಅನ್ನುವುದು ಇನ್ನೊಂದು. ಅದನ್ನು ಯಾರೂ ವೇದಿಕೆಯಲ್ಲಿ ಹೇಳಲ್ಲ.

ಇಷ್ಟು ಒಪ್ಪಿಕೊಂಡ ಮೇಲೆ, ನನ್ನ ಅಳಿಯನಿಗೆ ಗೊತ್ತಿಲ್ಲದ ಒಂದು ಕಾಗದದ ಕಥೆ ಹೇಳುತ್ತೇನೆ.

1958ರಲ್ಲಿ ಮಾವೋ 'ಮಹಾ ಜಿಗಿತ' ಅಂತ ಶುರು ಮಾಡಿದರು. ಹೊಲ ಎಲ್ಲ ಕಮ್ಯೂನಿಗೆ, ಅಂದರೆ ಊರವರೆಲ್ಲ ಒಟ್ಟಿಗೆ ದುಡಿಯುವ ಸಾಮೂಹಿಕ ವ್ಯವಸ್ಥೆಗೆ, ಊಟ ಎಲ್ಲ ಸಾಮೂಹಿಕ ಅಡುಗೆಮನೆಯಲ್ಲಿ. ಮನೆ ಹಿತ್ತಲಲ್ಲಿ ಕುಲುಮೆ ಹಾಕಿ ಕಬ್ಬಿಣ ಕರಗಿಸಿ ಅಂದರು. ಜನ ಬಾಣಲೆ, ಬಾಗಿಲ ಚಿಲಕ ಎಲ್ಲ ತಂದು ಕರಗಿಸಿದರು. ಬಂದಿದ್ದು ಯಾವುದಕ್ಕೂ ಬಾರದ ಕಿಟ್ಟ. ಗುಬ್ಬಚ್ಚಿ ಕಾಳು ತಿನ್ನುತ್ತವೆ, ಕೊಲ್ಲಿ ಅಂದರು. ಊರಿಗೆ ಊರೇ ಬೀದಿಗೆ ಬಂದು ತಟ್ಟೆ, ಡೋಲು ಬಡಿಯಿತು. ಗುಬ್ಬಿಗಳು ಎಲ್ಲೂ ಕೂರಲಾಗದೆ ಹಾರಿ ಹಾರಿ ಸುಸ್ತಾಗಿ ಬಿದ್ದು ಸತ್ತವು. ಆಮೇಲೆ ಬೆಳೆಗೆ ಹುಳ ಬಿತ್ತು. ಗುಬ್ಬಿ ತಿನ್ನುವುದು ಕಾಳು ಮಾತ್ರ ಅಲ್ಲ, ಹುಳವನ್ನೂ ತಿನ್ನುತ್ತೆ ಅಂತ ನಮ್ಮ ತೋಟದ ಆಳನ್ನು ಕೇಳಿದ್ದರೂ ಹೇಳುತ್ತಿದ್ದ. 1960ರಲ್ಲಿ ಕೊಲ್ಲಬೇಕಾದವುಗಳ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ತಿಗಣೆಯನ್ನು ಸೇರಿಸಿದರು.

ಗುಬ್ಬಿಗಿಂತ ದೊಡ್ಡ ಅನಾಹುತ ಮಾಡಿದ್ದು ಸುಳ್ಳು ಲೆಕ್ಕ. ಕೆಳಗಿನ ಅಧಿಕಾರಿ ಮೇಲಿನವನನ್ನು ಖುಷಿಪಡಿಸಲು ಇಳುವರಿ ಎರಡು ಪಟ್ಟು ಅಂತ ಬರೆದ. ಅವನ ಮೇಲಿನವನು ಅದನ್ನು ಇನ್ನಷ್ಟು ಹಿಗ್ಗಿಸಿದ. ಆ ಲೆಕ್ಕ ಹಿಡಿದುಕೊಂಡು ಸರ್ಕಾರ ಲೆವಿ ಎತ್ತಿತು. ಹೊಲದಲ್ಲಿ ಇರದ ಭತ್ತವನ್ನು ಕಾಗದದಿಂದ ಎತ್ತೋಕೆ ಆಗುತ್ತಾ? ರೈತನ ಕಣಜದಿಂದ ಎತ್ತಿದರು. ಊರಲ್ಲಿ ಜನ ಸಾಯುತ್ತಿದ್ದಾಗ ದೇಶದಿಂದ ಧಾನ್ಯ ರಫ್ತಾಗುತ್ತಿತ್ತು.

ಇದನ್ನು ಒಬ್ಬ ನೋಡಿದ. ಅವನೇನು ವಿರೋಧ ಪಕ್ಷದವನಲ್ಲ, ಆ ದೇಶದ ರಕ್ಷಣಾ ಮಂತ್ರಿ ಪೆಂಗ್ ದೆಹುಆಯ್. ಕೊರಿಯಾ ಯುದ್ಧದಲ್ಲಿ ಸೈನ್ಯ ನಡೆಸಿದ ಮಾರ್ಷಲ್, ಬಡ ರೈತನ ಮಗ, ಮಾವೋ ಹುಟ್ಟಿದ ಸೀಮೆಯವನೇ. ಹುಟ್ಟೂರಿನ ಕಡೆ ಹೋಗಿ ಬಂದವನಿಗೆ ತಡೆಯಲಾಗಲಿಲ್ಲ. 1959ರ ಜುಲೈ 14ರಂದು, ಲೂಷಾನ್ ಅನ್ನುವ ಗಿರಿಧಾಮದಲ್ಲಿ ಪಕ್ಷದ ಸಭೆ ನಡೆಯುತ್ತಿದ್ದಾಗ, ಮಾವೋಗೆ ಒಂದು ಕಾಗದ ಬರೆದ. ಬಹಿರಂಗ ಪತ್ರ ಅಲ್ಲ, ಖಾಸಗಿ ಕಾಗದ. ಬೈದಿರಲಿಲ್ಲ. ಸಾಧನೆಯನ್ನು ಮೊದಲು ಹೊಗಳಿ, ಆಮೇಲೆ ಎಲ್ಲೆಲ್ಲಿ ಎಡವಿದ್ದೇವೆ ಅಂತ ಮೆತ್ತಗೆ ಹೇಳಿದ್ದ. ನಾನೂ ಅರ್ಜಿಗಳನ್ನು ಹಾಗೇ ಬರೆಯುತ್ತಿದ್ದೆ, ಮೇಲಿನವರಿಗೆ ಬರೆಯುವ ಕ್ರಮವೇ ಅದು.

ಮಾವೋ ಆ ಕಾಗದವನ್ನು ಅಚ್ಚು ಹಾಕಿಸಿ ಸಭೆಯಲ್ಲಿ ಎಲ್ಲರಿಗೂ ಹಂಚಿಸಿದರು. ಆಮೇಲೆ ಬರೆದವನನ್ನು ಪಕ್ಷದ್ರೋಹಿ ಅಂತ ನಿಲ್ಲಿಸಿದರು. ಪೆಂಗ್ ಮಂತ್ರಿ ಪದವಿ ಹೋಯ್ತು. ಅದಕ್ಕಿಂತ ಕೆಟ್ಟದ್ದು, ದೇಶದ ಮೂಲೆ ಮೂಲೆಯ ಅಧಿಕಾರಿಗೂ ಪಾಠ ಸಿಕ್ಕಿತು: ರಕ್ಷಣಾ ಮಂತ್ರಿಗೇ ಈ ಗತಿ ಆದರೆ ನನ್ನ ಪಾಡೇನು? ಬಾಯಿ ಮುಚ್ಚಿಕೊಂಡು ಲೆಕ್ಕ ಹಿಗ್ಗಿಸಿದರು. ಕ್ಷಾಮ ಅತಿ ಭೀಕರವಾಗಿದ್ದು ಆ ಕಾಗದದ ನಂತರದ ವರ್ಷ, 1960ರಲ್ಲಿ. ಒಟ್ಟು ಸತ್ತವರು ಒಂದೂವರೆ ಕೋಟಿ ಅನ್ನುವವರಿಂದ ನಾಲ್ಕೂವರೆ ಕೋಟಿ ಅನ್ನುವವರ ತನಕ ಇದ್ದಾರೆ. 1961ರ ಜನಗಣತಿಯಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ನಮ್ಮ ಇಡೀ ಮೈಸೂರು ರಾಜ್ಯದಲ್ಲಿ ಇದ್ದ ಜನ 2 ಕೋಟಿ 36 ಲಕ್ಷ.

ಅದೇ 1959ರ ಅದೇ ಜುಲೈ ತಿಂಗಳಲ್ಲಿ ನಮ್ಮ ಪಕ್ಕದ ಕೇರಳದಲ್ಲೂ ಒಂದು ಕೆಲಸ ಆಯ್ತು. 1957ರಲ್ಲಿ ಜನ ಓಟು ಹಾಕಿ ಗೆಲ್ಲಿಸಿದ್ದ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರವನ್ನು ದೆಹಲಿಯ ಸರ್ಕಾರ ಜುಲೈ 31ರಂದು ವಜಾ ಮಾಡಿತು. ಬಹುಮತ ಇದ್ದ ಸರ್ಕಾರ ಅದು. ನೆಹರೂ ಕಾಲದ್ದು ಅಂತ ನಾನು ಇದಕ್ಕೆ ಸುಣ್ಣ ಹೊಡೆಯಲ್ಲ, ತಪ್ಪೇ. ಆದರೆ ಮುಂದೆ ಏನಾಯ್ತು ನೋಡಿ. 1967ರಲ್ಲಿ ಇ.ಎಂ.ಎಸ್. ಮತ್ತೆ ಚುನಾವಣೆ ಗೆದ್ದು ಮುಖ್ಯಮಂತ್ರಿ ಆದರು. ಅದೇ ವರ್ಷ ಪೆಂಗ್‌ನನ್ನು ಮಾವೋ ಬೆಂಬಲಿಗರಾದ ರೆಡ್ ಗಾರ್ಡ್ ಹುಡುಗರು ಜನರ ಮುಂದೆ ನಿಲ್ಲಿಸಿ ಹೊಡೆಯುತ್ತಿದ್ದರು. 1974ರಲ್ಲಿ ಬಂಧನದಲ್ಲೇ ಸತ್ತ. 1978ರಲ್ಲಿ, ಮಾವೋ ಹೋದ ಮೇಲೆ, ಅವನದೇನೂ ತಪ್ಪಿರಲಿಲ್ಲ ಅಂತ ಪಕ್ಷ ಹೇಳಿತು.

ಕಮ್ಯುನಿಸಮ್ಮಾ ಪ್ರಜಾಪ್ರಭುತ್ವವಾ ಅಂತ ಕೇಳುವವರಿಗೆ ಈ ಕೇರಳ ಯಾಕೋ ಕಾಣುವುದೇ ಇಲ್ಲ. ಜಮೀನು ಯಾರದ್ದು, ಕೂಲಿ ಎಷ್ಟು, ಆಸ್ಪತ್ರೆ ಯಾರು ನಡೆಸಬೇಕು ಅನ್ನುವುದು ಒಂದು ಜಗಳ. ತಪ್ಪು ಮಾಡಿದವನನ್ನು ಇಳಿಸುವುದು ಹೇಗೆ ಅನ್ನುವುದು ಬೇರೆಯೇ ಜಗಳ. ಪಶ್ಚಿಮ ಬಂಗಾಳದಲ್ಲಿ ಕಮ್ಯುನಿಸ್ಟರ ಎಡರಂಗ 1977ರಿಂದ 34 ವರ್ಷ ಆಳಿತು. ಗೇಣಿದಾರರ ಹೆಸರು ದಾಖಲೆಗೆ ಹತ್ತಿಸಿತು, ಒಳ್ಳೇ ಕೆಲಸ. ಕೊನೆಗೆ ಕಾರ್ಖಾನೆಗೆ ಅಂತ ರೈತರ ಜಮೀನಿಗೇ ಕೈ ಹಾಕಿತು. ನಂದಿಗ್ರಾಮದಲ್ಲಿ 2007ರಲ್ಲಿ ಗೋಲಿಬಾರ್ ಆಯ್ತು. 2011ರಲ್ಲಿ ಅದೇ ರೈತರು ಬಟನ್ ಒತ್ತಿ ಮನೆಗೆ ಕಳಿಸಿದರು. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟು ಹೋದರು, ಯಾರೂ ಅವರನ್ನು ಬೀದಿಯಲ್ಲಿ ಹೊಡೆಯಲಿಲ್ಲ.

ಇನ್ನು ನನ್ನ ಅಳಿಯ ಕಂಡ ಶೆನ್‌ಜೆನ್. ಅದರ ಬೇರು ಕೂಡ ಒಂದು ಕಾಗದದಲ್ಲೇ ಇದೆ. 1978ರ ನವೆಂಬರ್ ತಿಂಗಳ ಒಂದು ರಾತ್ರಿ, ಅನ್‌ಹುಯಿ ಪ್ರಾಂತ್ಯದ ಷಿಯಾವ್‌ಗಾಂಗ್ ಅನ್ನುವ ಹಳ್ಳಿಯಲ್ಲಿ 18 ಮಂದಿ ರೈತರು ಒಂದು ಮನೆಯಲ್ಲಿ ಕದ್ದು ಸೇರಿದರು. ಕಮ್ಯೂನಿನ ಹೊಲವನ್ನು ಮನೆ ಮನೆಗೆ ಹಂಚಿಕೊಂಡು ಸಾಗುವಳಿ ಮಾಡೋಣ, ಸರ್ಕಾರದ ಪಾಲು ಕೊಟ್ಟು ಉಳಿದಿದ್ದು ನಮಗೆ ಅಂತ ಕರಾರು ಬರೆದು ಹೆಬ್ಬೆಟ್ಟು ಒತ್ತಿದರು. ಸಿಕ್ಕಿಬಿದ್ದು ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು ಹದಿನೆಂಟು ವರ್ಷ ಆಗುವ ತನಕ ಉಳಿದವರು ಸಾಕಬೇಕು ಅಂತಲೂ ಅದರಲ್ಲಿ ಬರೆದಿದ್ದರು. ತನ್ನ ಹೊಲ ತಾನು ಉಳಲು ಇಷ್ಟು ಹೆದರಬೇಕಿತ್ತು. ಮುಂದಿನ ವರ್ಷ ಬೆಳೆ ಬಂದಿದ್ದು ನೋಡಿ ಸರ್ಕಾರವೇ ದಾರಿ ಬದಲಿಸಿತು. ಈಗ ಅದೇ ಕರಾರನ್ನು ಪಕ್ಷ ಹೆಮ್ಮೆಯಿಂದ ತೋರಿಸುತ್ತದೆ. ಮಾರುಕಟ್ಟೆ ಬಂತು, ಹೊರಗಿನ ಬಂಡವಾಳ ಬಂತು, 1980ರಲ್ಲಿ ಶೆನ್‌ಜೆನ್ ವಿಶೇಷ ಆರ್ಥಿಕ ವಲಯ ಆಯ್ತು. ಅಂದರೆ ಚೀನಾದಲ್ಲಿ ದುಡ್ಡು ಹುಟ್ಟಿದ್ದು ಕಮ್ಯುನಿಸಮ್ಮಿನ ಹಗ್ಗ ಸಡಿಲ ಬಿಟ್ಟ ಮೇಲೆ. ದುಡಿಯಲು ಆರೋಗ್ಯವಂತರಾದ, ಓದು ಬರಹ ಬಲ್ಲ ಜನ ಸಿದ್ಧವಾಗಿ ಇದ್ದದ್ದು ಮಾತ್ರ ಹಳೇ ಕಾಲದ ಪುಣ್ಯ. ಎರಡನ್ನೂ ಹೇಳಬೇಕು.

ಜನಸಂಖ್ಯೆ ಅಂದರಲ್ಲ, ಅದರದ್ದೂ ಒಂದು ಕಾಗದ ಇದೆ, ಇದು ಮೇಲಿನಿಂದ ಕೆಳಗೆ ಬಂದದ್ದು. 1980ರ ಸೆಪ್ಟೆಂಬರ್ 25ರಂದು ಚೀನಾದ ಕಮ್ಯುನಿಸ್ಟ್ ಪಕ್ಷ ತನ್ನ ಸದಸ್ಯರಿಗೆಲ್ಲ ಒಂದು ಬಹಿರಂಗ ಪತ್ರ ಬರೆಯಿತು. ಒಂದೇ ಮಗು ಸಾಕು ಅಂತ. ಮೂವತ್ತು ವರ್ಷದಲ್ಲಿ ಒತ್ತಡ ಕಡಿಮೆ ಆದ ಮೇಲೆ ಬೇರೆ ನೀತಿ ತರಬಹುದು ಅಂತಲೂ ಅದರಲ್ಲಿತ್ತು. ಹಿಂದಿದ್ದ ಲೆಕ್ಕಾಚಾರದಲ್ಲಿ ಕ್ಷಿಪಣಿ ವಿಜ್ಞಾನಿಯೊಬ್ಬರ ಗಣಿತವೂ ಸೇರಿತ್ತು. ರಾಕೆಟ್ ಎಲ್ಲಿ ಬೀಳುತ್ತೆ ಅಂತ ಹೇಳಬಲ್ಲವರಿಗೆ ತೊಟ್ಟಿಲು ತೂಗುವ ಲೆಕ್ಕ ಎಷ್ಟು ಮಹಾ ಅಂದುಕೊಂಡರೋ ಏನೋ. ಬಲವಂತದ ಗರ್ಭಪಾತ, ದಂಡ, ಹುಟ್ಟುವ ಮೊದಲೇ ಹೋದ ಹೆಣ್ಣುಮಕ್ಕಳು, ಇದೆಲ್ಲ ಮೂವತ್ತೈದು ವರ್ಷ ನಡೆಯಿತು. 2016ಕ್ಕೆ ಎರಡು ಮಗು ಆಗಬಹುದು ಅಂದರು, 2021ಕ್ಕೆ ಮೂರು ಮಾಡಿಕೊಳ್ಳಿ ಅಂದರು. ಜನ ಕೇಳಲಿಲ್ಲ. 2022ರಲ್ಲಿ, ಆ ಕ್ಷಾಮದ ಕಾಲದ ನಂತರ ಮೊದಲ ಸಲ, ಚೀನಾದ ಜನಸಂಖ್ಯೆ ಇಳಿಯಿತು.

ನಾವು ಇಂಥದ್ದು ಮಾಡಲಿಲ್ಲವಾ? ಮಾಡಿದೆವು. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಜಾಸ್ತಿ ಜನರಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿದರು. ಟಾರ್ಗೆಟ್ ಮುಟ್ಟಿಸಲು ಬಸ್ ಸ್ಟ್ಯಾಂಡಿನಿಂದ, ಸಂತೆಯಿಂದ ಎಳೆದುಕೊಂಡು ಹೋದ ಕಥೆಗಳಿವೆ, ಉತ್ತರದ ಕಡೆ ಜಾಸ್ತಿ. 1977ರ ಮಾರ್ಚ್‌ನಲ್ಲಿ ಚುನಾವಣೆ ಬಂತು. ಇಂದಿರಾ ಗಾಂಧಿ ತಮ್ಮ ಕ್ಷೇತ್ರದಲ್ಲೇ ಸೋತರು, ಆ ಬಲವಂತ ನಿಂತಿತು. ನಮ್ಮ ಕರ್ನಾಟಕ ಮಾತ್ರ ಅವತ್ತೂ 28ರಲ್ಲಿ 26 ಸೀಟು ಅವರ ಪಕ್ಷಕ್ಕೇ ಕೊಟ್ಟಿತ್ತು ಅನ್ನುವುದನ್ನೂ ಮರೆಮಾಚಲ್ಲ. ಇಲ್ಲಿಯವರ ಕಣ್ಣ ಮುಂದೆ ದೇವರಾಜ ಅರಸರು ಕೊಟ್ಟ ಜಮೀನಿತ್ತು.

2019-21ರ ಅದೇ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಪೊಲೀಸರೂ ಬೇಕಾಗಲಿಲ್ಲ, ಕ್ಷಿಪಣಿ ಗಣಿತವೂ ಬೇಕಾಗಲಿಲ್ಲ. ಹೆಣ್ಣುಮಕ್ಕಳು ಶಾಲೆಗೆ ಹೋದರು. ನರ್ಸಮ್ಮ ಮನೆ ಬಾಗಿಲಿಗೆ ಬಂದರು. ಹುಟ್ಟಿದ ಮಗು ಉಳಿಯುತ್ತೆ ಅನ್ನುವ ಧೈರ್ಯ ಬಂತು. ನನ್ನ ಅಜ್ಜಿಗೆ ಒಂಬತ್ತು ಹೆರಿಗೆ, ನನ್ನ ಸೊಸೆಗೆ ಒಂದು.

ಅರಸರ ಹೆಸರು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇದು ನಮ್ಮ ಸೀಮೆಯ ವಿಷಯ. ಕಾಗೋಡು ನಮ್ಮ ತಾಲ್ಲೂಕಿನದೇ. ಗೇಣಿ ಅಳೆಯುವ ಕೊಳಗ ದೊಡ್ಡದಾಯ್ತು ಅಂತ 1951ರಲ್ಲಿ ದೀವರ ಗೇಣಿದಾರರು ಒಡೆಯರ ಎದುರು ನಿಂತರು. ಸಮಾಜವಾದಿ ನಾಯಕ ಲೋಹಿಯಾ ಬಂದರು, ಬಂಧನಕ್ಕೊಳಗಾದರು. ಜಮೀನು ಸಿಕ್ಕಿದ್ದು ಮಾತ್ರ 1974ರ ಭೂ ಸುಧಾರಣೆ ತಿದ್ದುಪಡಿ ಕಾನೂನು ಬಂದ ಮೇಲೆ. ಫಾರಂ ನಂಬರ್ 7 ಅಂತ ಇತ್ತು. ನಮ್ಮ ಕಡೆ 'ಡಿಕ್ಲರೇಷನ್ ಹಾಕುವುದು' ಅನ್ನುತ್ತಿದ್ದರು. ಒಡೆಯರ ಮನೆ ಜಗಲಿ ಹತ್ತದವನು ಸರ್ಕಾರಿ ಫಾರಮ್ಮಿನಲ್ಲಿ 'ಈ ಜಮೀನು ನಾನು ಉಳುತ್ತಿದ್ದೇನೆ' ಅಂತ ಹೆಬ್ಬೆಟ್ಟು ಒತ್ತಿದ. ರಾತ್ರಿ ಕದ್ದು ಅಲ್ಲ, ಹಗಲು ಹೊತ್ತಲ್ಲಿ, ತಾಲ್ಲೂಕು ಕಚೇರಿಯಲ್ಲಿ. ಭೂ ನ್ಯಾಯಮಂಡಳಿಯಲ್ಲಿ ಒಡೆಯರು ಒಂದು ಬೆಂಚು, ಗೇಣಿದಾರ ಇನ್ನೊಂದು ಬೆಂಚು. ನಮ್ಮ ತಂದೆಯೂ ಸ್ವಲ್ಪ ಗದ್ದೆ ಕಳೆದುಕೊಂಡರು. ಮನೆಯಲ್ಲಿ ಎರಡು ವರ್ಷ ಆ ಮಾತೇ. ಆದರೆ ಗೆದ್ದವನ ಮದುವೆಗೆ ತಂದೆ ಹೋಗಿ ಊಟ ಮಾಡಿ ಬಂದರು. ಚೀನಾದಲ್ಲಿ ಇದೇ ಕೆಲಸಕ್ಕೆ ಜಮೀನ್ದಾರರನ್ನು ಊರ ಮಧ್ಯೆ ನಿಲ್ಲಿಸಿ ಲಕ್ಷಗಟ್ಟಲೆ ಮಂದಿಯನ್ನು ಕೊಂದರು. ನಮ್ಮ ಕಾನೂನಲ್ಲಿ ಕೊರತೆ ಇರಲಿಲ್ಲ ಅಂತ ಅಲ್ಲ. ಬರೀ ಕೂಲಿ ಮಾಡುತ್ತಿದ್ದವರಿಗೆ, ಅದರಲ್ಲೂ ದಲಿತರಿಗೆ, ಸಿಕ್ಕಿದ್ದು ಬಹಳ ಕಡಿಮೆ.

ಇನ್ನೊಂದು ಕಾಗದ, ಇದು ಮೊನ್ನೆ ಮೊನ್ನೆಯದು. 2020ರ ಜನವರಿ 3, ವುಹಾನ್. ಲಿ ವೆನ್‌ಲಿಯಾಂಗ್ ಅನ್ನುವ ಕಣ್ಣಿನ ಡಾಕ್ಟರ್, ಹೊಸ ಸೋಂಕು ಬಂದಿದೆ ಹುಷಾರು ಅಂತ ಸಹಪಾಠಿಗಳ ಗುಂಪಿಗೆ ಮೆಸೇಜ್ ಹಾಕಿದ್ದಕ್ಕೆ, ಪೊಲೀಸರು ಕರೆಸಿ ಒಂದು ಕಾಗದಕ್ಕೆ ಸಹಿ ಹಾಕಿಸಿದರು. ಇನ್ನು ಮುಂದೆ ಹೀಗೆ ಮಾಡಲ್ಲ ತಾನೇ? 'ಆಗಲಿ.' ಅರ್ಥ ಆಯ್ತಾ? 'ಆಯ್ತು.' ಪಕ್ಕದಲ್ಲಿ ಕೆಂಪು ಹೆಬ್ಬೆಟ್ಟು. ಆ ತಿಂಗಳ ಕೊನೆಗೆ ಅದೇ ಊರಲ್ಲಿ ಹತ್ತು ದಿನದಲ್ಲಿ ಸಾವಿರ ಹಾಸಿಗೆಯ ಆಸ್ಪತ್ರೆ ಕಟ್ಟಿದರು. ಇಡೀ ಪ್ರಪಂಚ ಬಾಯಿ ಬಿಟ್ಟುಕೊಂಡು ನೋಡಿತು. ಫೆಬ್ರವರಿ 7ರಂದು ಆ ಡಾಕ್ಟರ್ ಅದೇ ಸೋಂಕಿಗೆ ಸತ್ತರು. ಮಾರ್ಚ್‌ನಲ್ಲಿ ಪೊಲೀಸರ ಆ ಕಾಗದವನ್ನು ವಾಪಸ್ ತೆಗೆದುಕೊಂಡರು. ನನ್ನ ಅಳಿಯ ಹನ್ನೊಂದು ದಿನದ ಸೇತುವೆ ಅಂದಾಗ ನನಗೆ ನೆನಪಾಗಿದ್ದು ಇದು.

ಹಾಗಂತ ನಮ್ಮದೇನು ಘನಂದಾರಿ? 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಆಕ್ಸಿಜನ್ ಸಿಗದೆ ಜನ ಸತ್ತರು. ಜುಲೈನಲ್ಲಿ ಸಂಸತ್ತಿನಲ್ಲಿ, ಆಕ್ಸಿಜನ್ ಕೊರತೆಯಿಂದ ಸತ್ತರು ಅಂತ ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಅಂತ ಉತ್ತರ ಬಂತು. ಲೆಕ್ಕ ಹಿಗ್ಗಿಸುವುದು, ಕುಗ್ಗಿಸುವುದು ಯಾವ ಒಂದು ಪಕ್ಷದ ಸ್ವತ್ತೂ ಅಲ್ಲ. ಇಲ್ಲಿ ಇದ್ದ ವ್ಯತ್ಯಾಸ ಇಷ್ಟೇ: ಚಾಮರಾಜನಗರದ ಸುದ್ದಿ ಮಾರನೇ ದಿನ ಪೇಪರಿನಲ್ಲಿತ್ತು, ಹೈಕೋರ್ಟ್ ಸಮಿತಿ ಮಾಡಿತು, ಹೇಳಿದ ಡಾಕ್ಟರಿಂದ ಯಾರೂ ಹೆಬ್ಬೆಟ್ಟು ಒತ್ತಿಸಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ನಮ್ಮ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿಗೆ ಕಟ್ಟಿದ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ರಂದು. ಪೆಂಗ್ ಕಾಗದ ಬರೆದ ತಾರೀಖೇ, ಕಾಕತಾಳೀಯ ಅಷ್ಟೇ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದಿದ್ದು 1964ರಲ್ಲಿ. ನಾಡಿಗೆಲ್ಲ ಬೆಳಕು ಕೊಟ್ಟ ಶರಾವತಿ ಹಿನ್ನೀರು ತುಮರಿ, ಸಿಗಂದೂರು ಕಡೆಯವರನ್ನು ದ್ವೀಪದವರನ್ನಾಗಿ ಮಾಡಿತು. ಅರವತ್ತು ವರ್ಷ ಅವರು ಲಾಂಚಿನಲ್ಲಿ ದಾಟಿದರು. ನಮ್ಮ ಟಪಾಲು ಚೀಲವೂ ಲಾಂಚಿನಲ್ಲೇ ಹೋಗುತ್ತಿತ್ತು. ಸಂಜೆ ಕಡೇ ಟ್ರಿಪ್ ತಪ್ಪಿದರೆ ಬಾಣಂತಿ ಆದರೂ ಅಷ್ಟೇ, ಹಾವು ಕಚ್ಚಿದವನಾದರೂ ಅಷ್ಟೇ. ಮುಳುಗಡೆ ಆದವರನ್ನು ಲಾರಿಯಲ್ಲಿ ತುಂಬಿ ಕಾಡಿನಲ್ಲಿ ಇಳಿಸಿದ್ದರು. ಅವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಾನೇ ಎಷ್ಟೋ ಅರ್ಜಿ ಬರೆದಿದ್ದೇನೆ. ಇದನ್ನು ಮಾಡಿದ್ದು ಯಾವ ಮಾವೋನೂ ಅಲ್ಲ. ನಾವೇ ಆರಿಸಿದ ಸರ್ಕಾರಗಳು, ಒಂದಾದ ಮೇಲೆ ಒಂದು. ಅಳಿಯ ಇದನ್ನೇ ಮುಂದಿಟ್ಟರೆ ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರ ಒಂದು ಕಾಲಕ್ಕೆ ಇತ್ತು. ಅಬ್ದುಲ್ ನಜೀರ್ ಸಾಬ್ ಅಂತ ಒಬ್ಬ ಮಂತ್ರಿ ಇದ್ದರು, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ. ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ನೀರ್ ಸಾಬ್ ಅನ್ನುತ್ತಿದ್ದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನ ಹೆಂಗಸರಿಗೆ. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದಿದ್ದು ಆಮೇಲೆ, 1993ರಲ್ಲಿ. ಮಂಡಲ ಕಾಲದಲ್ಲಿ ನಮ್ಮೂರಿನ ಸದಸ್ಯರು ದಿನಾ ನಮ್ಮ ಜಗಲಿ ಮುಂದೆಯೇ ಹಾದು ಹೋಗಬೇಕಿತ್ತು. ನಲ್ಲಿ ಕೆಟ್ಟರೆ ಅವರನ್ನು ಅಲ್ಲೇ ಹಿಡಿಯುತ್ತಿದ್ದೆವು. ಕಾಗದ ಬರೆಯುವ ಕೆಲಸವೇ ಇರಲಿಲ್ಲ. ನನ್ನ ಬಾಳೆಗೊನೆ ವ್ಯಾಪಾರ ಬಿದ್ದುಹೋಗಿತ್ತು ಅನ್ನಿ.

ಪಂಚಾಯಿತಿ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯ್ತು. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಬಿಟ್ಟಿರಿ. ಬೆಂಗಳೂರಿನ ಪಾಲಿಕೆಗೆ 2015ರಲ್ಲಿ ಚುನಾವಣೆ ಆಗಿ 2020ರ ಸೆಪ್ಟೆಂಬರಿಗೆ ಅವಧಿ ಮುಗಿದರೂ ಅಲ್ಲೂ ಇದೇ ಕಥೆ. ಕ್ಷೇತ್ರ ವಿಂಗಡಣೆ ಅಂದಿರಿ, ಮೀಸಲಾತಿ ಪಟ್ಟಿ ಅಂದಿರಿ, ಕೋರ್ಟ್ ಕೇಸು ಅಂದಿರಿ. ಒಂದು ಪಕ್ಷ ಹೋಗಿ ಇನ್ನೊಂದು ಪಕ್ಷ ಬಂತು, ಕಾರಣ ಮಾತ್ರ ಕುರ್ಚಿ ಜೊತೆಗೇ ಬಳುವಳಿಯಾಗಿ ಸಿಕ್ಕಿತು. ಚುನಾವಣೆ ಮಾಡದೆ ಮೇಲಿನಿಂದ ಅಧಿಕಾರಿಯನ್ನು ನೇಮಿಸಿ ಆಳುವ ಪದ್ಧತಿಗೆ ಏನು ಹೆಸರು ಸ್ವಾಮಿ? ಅಳಿಯ ಶೆನ್‌ಜೆನ್‌ನಲ್ಲಿ ಕಂಡಿದ್ದೂ ಅದನ್ನೇ. ರೈಲು ಮಾತ್ರ ಅಲ್ಲೇ ಬಿಟ್ಟು ಉಳಿದಿದ್ದನ್ನು ನೀವು ಇಲ್ಲಿಗೆ ತಂದಿದ್ದೀರಿ.

ಕೊನೆಗೆ ಕಾಲುಸಂಕ. ನಮ್ಮೂರಿನ ಕೆಳಗಿನ ಕೇರಿಗೂ ಶಾಲೆಗೂ ಮಧ್ಯೆ ಒಂದು ಹಳ್ಳ. ಬೇಸಿಗೆಯಲ್ಲಿ ಪಾದ ಮುಳುಗಲ್ಲ. ಮಳೆಗಾಲದಲ್ಲಿ ಎಮ್ಮೆ ಹೋದರೂ ಕೊಚ್ಚಿಕೊಂಡು ಹೋಗುತ್ತೆ. ಅಡ್ಡ ಹಾಕಿರುವುದು ಎರಡು ಅಡಿಕೆ ಮರ, ಹಿಡಿಯೋಕೆ ಒಂದು ಬಿದಿರು ಗಳ, ಕಟ್ಟಿರುವುದು ಹಳೇ ನೈಲಾನ್ ಹಗ್ಗದಲ್ಲಿ. ಏಳು ಮಕ್ಕಳು ದಿನಾ ಎರಡು ಸಲ ದಾಟುತ್ತಾರೆ. ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಪಾಚಿ ಮೇಲೆ ಬರಿಗಾಲೇ ಹಿಡಿತ. ದೊಡ್ಡ ಹುಡುಗಿ ಕೊನೆಗೆ ದಾಟುತ್ತಾಳೆ, ಯಾರೂ ಹೇಳಿಕೊಟ್ಟಿಲ್ಲ. ಹನ್ನೊಂದು ವರ್ಷದಲ್ಲಿ ಒಂಬತ್ತು ಅರ್ಜಿ ಕೊಟ್ಟಿದ್ದೇನೆ. ನಾಲ್ಕು ರಿಜಿಸ್ಟರ್ ಪೋಸ್ಟ್, ಕಾಗದ ತಲುಪಿತು ಅಂತ ಸಹಿ ಆಗಿ ವಾಪಸ್ ಬಂದ ಎ.ಡಿ. ಕಾರ್ಡುಗಳು ನನ್ನ ಹತ್ತಿರ ಭದ್ರ ಇವೆ. ಈಗ ರಿಜಿಸ್ಟರ್ ಪೋಸ್ಟನ್ನೇ ಸ್ಪೀಡ್ ಪೋಸ್ಟಿಗೆ ಸೇರಿಸಿಬಿಟ್ಟಿದ್ದಾರೆ, ಇರಲಿ. ಹಿಂದಿನ ಜಿಲ್ಲಾ ಪಂಚಾಯಿತಿ ಸದಸ್ಯರು ಒಮ್ಮೆ ಬಂದು ಹಳ್ಳ ನೋಡಿ, ಎಸ್ಟಿಮೇಟ್ ಮಾಡಿಸುತ್ತೇನೆ ಅಂದಿದ್ದರು. ಅಷ್ಟರಲ್ಲಿ ಅವಧಿ ಮುಗಿಯಿತು. ಆಮೇಲೆ ಕೇಳೋಣ ಅಂದರೆ ಆ ಸ್ಥಾನದಲ್ಲಿ ಯಾರೂ ಇಲ್ಲ. ಆಡಳಿತಾಧಿಕಾರಿಗಳು ಬೈಯಲಿಲ್ಲ, ಪಕ್ಷದ್ರೋಹಿ ಅನ್ನಲಿಲ್ಲ. ಪರಿಶೀಲಿಸಲಾಗುವುದು ಅಂತ ಒಮ್ಮೆ ಉತ್ತರವೂ ಬಂತು.

ನನ್ನ ಬೇಡಿಕೆ ಎರಡೇ. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆಗಳು ಅವಧಿ ಮುಗಿಯುವ ಮೊದಲೇ ಆಗಬೇಕು. ಯಾವ ಪಕ್ಷದ ಸರ್ಕಾರ ಇದ್ದರೂ ಅದನ್ನು ಮುಂದೆ ಹಾಕಲು ಬರದ ಹಾಗೆ ಕಾನೂನು ಬಿಗಿ ಮಾಡಬೇಕು. ಎರಡನೆಯದು, ಗ್ರಾಮಸಭೆಯಲ್ಲಿ ಕೊಟ್ಟ ಅರ್ಜಿ ಏನಾಯ್ತು ಅಂತ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಓದಬೇಕು. ಆಗಲ್ಲ ಅನ್ನುವುದಾದರೆ ಆಗಲ್ಲ ಅಂತಲೇ ಓದಲಿ. ಕಾರಣ ಹೇಳಲಿ.

ಜೂನ್ ಕೊನೆಗೆ ಹಳ್ಳ ತುಂಬುತ್ತೆ. ಅದಕ್ಕೆ ಮೊದಲು ಒಂದು ಭಾನುವಾರ ಕೇರಿಯವರೆಲ್ಲ ಸೇರಿ ಹಳೇ ಅಡಿಕೆ ಮರ ತೆಗೆದು ಹೊಸದು ಹಾಕುತ್ತೇವೆ, ಪ್ರತಿ ವರ್ಷದ ಹಾಗೆ. ಅಳಿಯನೂ ಬರುತ್ತೇನೆ ಅಂದಿದ್ದಾನೆ. ನಿಮ್ಮ ಇಂಜಿನಿಯರ್ ಒಬ್ಬರನ್ನು ಅಳತೆ ಟೇಪ್ ಹಿಡಿದುಕೊಂಡು ಅವತ್ತೇ ಕಳಿಸಿದರೆ ಒಳ್ಳೆಯದು. ಅವಲಕ್ಕಿ, ಚಹಾ ನಮ್ಮನೆಯಲ್ಲೇ. ಹಳ್ಳದ ಅಗಲ ಹದಿನಾಲ್ಕು ಅಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ರಾಂಚ್ ಪೋಸ್ಟ್ ಮಾಸ್ಟರ್
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ